ಹೊಸಬರನ್ನು ಸೆಳೆಯಲು ಆರಾಧನೆಯನ್ನೇ ಬದಲಿಸಬೇಕೇ? ಸಭೆಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಸೀಮೆಯ ಸಭಾಪಾಲಕರು, ಹಿರಿಯರು, ಕ್ವಾಯರ್ ನಡೆಸುವವರು ಕಮಿಟಿ ಕೂತಾಗಲೆಲ್ಲ ಎತ್ತುವ ಪ್ರಶ್ನೆಗಳಿವು. ಕ್ರೈಸ್ತರಲ್ಲದ ನೆರೆಹೊರೆಯವರು ಭಾನುವಾರ ಬಾಗಿಲಿಗೆ ಬರುತ್ತಿರುವ, ಇಲ್ಲವೇ ಬರಲಿ ಎಂದು ಹಂಬಲಿಸುವ ಸಭೆಗಳಿಗಾಗಿ ಈ ಉತ್ತರಗಳು.

ಅವಿಶ್ವಾಸಿಗಳಿಗೆ ಹಿಡಿಸುವಂತೆ ಆರಾಧನೆ ರೂಪಿಸಿದರೆ ತಪ್ಪೇನು? ಜನ ಬರುವುದು ಮುಖ್ಯವಲ್ಲವೇ?

ಬರುವುದು ಮುಖ್ಯ. ಬಂದವರ ಮುಂದೆ ಏನು ನಡೆಯುತ್ತಿರುತ್ತದೆ ಎಂಬುದು ಅದಕ್ಕಿಂತ ಮುಖ್ಯ. ಭಾನುವಾರದ ಆರಾಧನೆಯನ್ನು ಸಭೆ ದೇವರಿಗೆ ಸಲ್ಲಿಸುತ್ತದೆ. ಹೊಸಬರು ಅದರ ನಡುವೆ ಬಂದು ಕೂರುವ ಅತಿಥಿಗಳು. ಅತಿಥಿಗೆ ಚಾಪೆ ಹಾಸುತ್ತೇವೆ, ನೀರು ಕೊಡುತ್ತೇವೆ, ಆದರೆ ಮನೆಯ ಯಜಮಾನ ಯಾರು ಎಂಬುದನ್ನು ಅವರ ಇಷ್ಟಕ್ಕೆ ಬಿಡುವುದಿಲ್ಲ.

1 ಕೊರಿಂಥ 14:23-25ರಲ್ಲಿ ಪೌಲ ಇದೇ ಸನ್ನಿವೇಶವನ್ನು ಎತ್ತಿಕೊಳ್ಳುತ್ತಾನೆ. ಸಭೆ ಕೂಡಿದೆ, ನಂಬದವನೊಬ್ಬ ಒಳಗೆ ಬರುತ್ತಾನೆ. ಎಲ್ಲರೂ ಅರ್ಥವಾಗದ ಭಾಷೆಗಳಲ್ಲಿ ಮಾತಾಡುತ್ತಿದ್ದರೆ ಇವರಿಗೆ ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಾನೆ. ತಿಳಿಯುವ ಮಾತಿನಲ್ಲಿ ದೇವರ ವಾಕ್ಯ ಬರುತ್ತಿದ್ದರೆ ಅವನ ಹೃದಯದ ಗುಟ್ಟು ಬಯಲಾಗುತ್ತದೆ, ಅಡ್ಡಬಿದ್ದು ದೇವರು ನಿಮ್ಮಲ್ಲಿದ್ದಾನೆ ಎನ್ನುತ್ತಾನೆ. ಇಲ್ಲಿ ಪೌಲ ಕೇಳುತ್ತಿರುವುದು ಅರ್ಥವಾಗುವ ಆರಾಧನೆಯನ್ನು, ಹಿಡಿಸುವ ಆರಾಧನೆಯನ್ನಲ್ಲ. ಈ ಪುಟದ ಉಳಿದ ಉತ್ತರಗಳೆಲ್ಲ ಈ ವ್ಯತ್ಯಾಸದಿಂದಲೇ ಹೊರಡುತ್ತವೆ. ಯಾವ ಬದಲಾವಣೆ ಮುಂದಿಟ್ಟರೂ ಕಮಿಟಿ ಮೊದಲು ಕೇಳಬೇಕಾದ್ದು: ಇದರಿಂದ ಹೊಸಬರಿಗೆ ನಮ್ಮ ಆರಾಧನೆ ಹೆಚ್ಚು ಅರ್ಥವಾಗುತ್ತದೆಯೋ, ಅಥವಾ ಅರ್ಥವಾಗಬೇಕಾದ್ದನ್ನೇ ತೆಗೆದುಹಾಕುತ್ತಿದ್ದೇವೆಯೋ?

ವಿಮೋಚನಕಾಂಡ 32ನ್ನು ಕಮಿಟಿಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಪೂಜಿಸಲು ಕಣ್ಣಿಗೆ ಕಾಣುವ ದೇವರು ಬೇಕೆಂದು ಜನ ಕೇಳಿದರು, ಮೋಶೆಯ ಅಣ್ಣ ಆರೋನ ಮಾಡಿಕೊಟ್ಟ. ಬಸವನ ಮೂರ್ತಿಯ ಮುಂದೆ ನಿಂತು ಅವನು ಸಾರಿದ್ದು ಯೆಹೋವನಿಗೇ ಹಬ್ಬ ಎಂದು. ಹೆಸರು ಸರಿಯಾಗಿತ್ತು, ಜನವೂ ಸೇರಿತ್ತು, ಆದರೆ ದೇವರು ಅದನ್ನು ಒಪ್ಪಲಿಲ್ಲ.

"ಎಲ್ಲರಿಗೂ ಎಲ್ಲವೂ ಆದೆನು" ಎಂದು ಪೌಲನೇ ಹೇಳಿದ್ದಾನಲ್ಲ?

1 ಕೊರಿಂಥ 9:22. ಆ ಅಧ್ಯಾಯವನ್ನು ಮೊದಲಿಂದ ಓದಿದರೆ ಅವನು ಬಿಟ್ಟುಕೊಟ್ಟದ್ದು ತನ್ನ ಹಕ್ಕುಗಳನ್ನು ಎಂದು ತಿಳಿಯುತ್ತದೆ, ಮುಖ್ಯವಾಗಿ ಸಂಬಳ ಪಡೆಯುವ ಹಕ್ಕನ್ನು. ಎರಡೇ ಅಧ್ಯಾಯ ಮುಂದೆ, ಕೊರಿಂಥದ ಉಳ್ಳವರು ಕರ್ತನ ಭೋಜನವನ್ನು (ಯೇಸುವಿನ ಮರಣ ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಊಟವನ್ನು) ತಮ್ಮ ಅನುಕೂಲಕ್ಕೆ ತಿರುಗಿಸಿಕೊಂಡಾಗ ಅದೇ ಪೌಲ ಒಂದಿಂಚೂ ಬಗ್ಗುವುದಿಲ್ಲ.

ಹೊಸಬರಿಗೆ ಹಿಡಿಸುವಂತೆ ಆರಾಧನೆ ರೂಪಿಸುವ ಆಲೋಚನೆ ಎಲ್ಲಿಂದ ಬಂತು?

19ನೇ ಶತಮಾನದ ಅಮೆರಿಕದಲ್ಲಿ ಬೋಧಕ ಚಾರ್ಲ್ಸ್ ಫಿನ್ನಿ, ಸರಿಯಾದ ವಿಧಾನ ಬಳಸಿದರೆ ಉಜ್ಜೀವನ, ಅಂದರೆ ಜನರ ನಂಬಿಕೆ ಮತ್ತೆ ಚಿಗುರುವಂತೆ, ತರಬಹುದು ಎಂದು ಬೋಧಿಸಿದ. ತೀರ್ಮಾನದ ಅಂಚಿನಲ್ಲಿರುವವರನ್ನು ಮುಂದಿನ ಬೆಂಚಿಗೆ ಕರೆದು ಕೂರಿಸುವ ಪದ್ಧತಿಯನ್ನು ಬಳಕೆಗೆ ತಂದವರಲ್ಲಿ ಅವನು ಪ್ರಮುಖ. 1975ರಲ್ಲಿ ಶಿಕಾಗೋ ಬಳಿ ಶುರುವಾದ ವಿಲ್ಲೋ ಕ್ರೀಕ್ ಸಭೆ, ಚರ್ಚಿಗೆ ಬಾರದವರನ್ನು ಮನೆ ಮನೆಗೆ ಹೋಗಿ ವಿಚಾರಿಸಿ, ಅವರಿಗೆ ಒಗ್ಗುವಂತೆ ಕೂಟಗಳನ್ನು ಕಟ್ಟಿತು. 2007ರಲ್ಲಿ ಅದೇ ಸಭೆಯ ನಾಯಕರು ತಮ್ಮದೇ ಸಮೀಕ್ಷೆ ಮುಂದಿಟ್ಟು, ಕಾರ್ಯಕ್ರಮಗಳಲ್ಲಿ ಹೆಚ್ಚು ಭಾಗವಹಿಸಿದ ಮಾತ್ರಕ್ಕೆ ಜನ ದೇವರ ಪ್ರೀತಿಯಲ್ಲಿ ಬೆಳೆದಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅದು ಧೈರ್ಯದ ಮಾತು. ಆ ಮಾದರಿಯನ್ನು ಈಗ ಇಲ್ಲಿಗೆ ತರಲು ಹೊರಟವರು ಆ ಒಪ್ಪಿಗೆಯನ್ನೂ ಜೊತೆಗೇ ತರಬೇಕು.

ಇನ್ನೊಂದು ಬೇರು ನಮ್ಮ ದೇಶದಲ್ಲೇ ಇದೆ. ಮಿಷನರಿ ಡೊನಾಲ್ಡ್ ಮೆಕ್‌ಗೇವ್ರನ್ ಹುಟ್ಟಿದ್ದು 1897ರಲ್ಲಿ, ಮಧ್ಯ ಭಾರತದ ದಮೋಹ್‌ನಲ್ಲಿ. ಜನ ತಮ್ಮ ಜಾತಿ, ಭಾಷೆ, ವರ್ಗದ ಗೆರೆ ದಾಟದೆ ಕ್ರೈಸ್ತರಾಗಲು ಬಯಸುತ್ತಾರೆ ಎಂಬುದು ಅವರು ಮಂಡಿಸಿದ ತತ್ವ. ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬ ವರ್ಣನೆಯಾಗಿ ಅದು ನಿಜವಿರಬಹುದು. ಅದನ್ನೇ ಸಭೆ ಕಟ್ಟುವ ಸೂತ್ರ ಮಾಡಿಕೊಂಡರೆ ನಮ್ಮ ಹಳ್ಳಿಗಳಲ್ಲಿ ಕೇರಿಗೊಂದು ಸಭೆಯಾಗುತ್ತದೆ. ಒಂದು ಕೇರಿಯವರು ಮುಜುಗರಪಡದಿರಲಿ ಎಂದು ಇನ್ನೊಂದು ಕೇರಿಯವರಿಗೆ ಬೇರೆ ಹೊತ್ತು ಕೊಡುವ ಸಭೆ, ಯಾಕೋಬ 2:1-4 ಹೇಳುವ ಪಕ್ಷಪಾತವನ್ನು ವೇಳಾಪಟ್ಟಿಯಲ್ಲೇ ಬರೆದಿಟ್ಟಿದೆ.

ನಮ್ಮಲ್ಲಿ ಬ್ಯಾಂಡೂ ಇಲ್ಲ, ಬಣ್ಣದ ಲೈಟೂ ಇಲ್ಲ. ನಮಗೇಕೆ ಈ ಚಿಂತೆ?

ಮೈಸೂರಿನ ಬಡಾವಣೆಗಳಲ್ಲಿ ಸೆಳೆತ ಬ್ಯಾಂಡಿನದಾದರೆ, ಮಂಡ್ಯದ ಹಳ್ಳಿಗಳಲ್ಲಿ ಅದು ಬಹುಪಾಲು ಹರಕೆಯ ರೂಪದಲ್ಲಿ ಬರುತ್ತದೆ. "ಮೂರು ಶುಕ್ರವಾರ ಉಪವಾಸ ಪ್ರಾರ್ಥನೆಗೆ ಬನ್ನಿ, ಸಾಲ ತೀರುತ್ತದೆ, ಮಗುವಾಗುತ್ತದೆ" ಎಂಬ ಕರೆಗೆ ಬಂದವರು, ಮನೆಯ ದೇವರ ಗೂಡಿನಲ್ಲಿ ಯೇಸುವನ್ನೂ ಒಬ್ಬನನ್ನಾಗಿ ಸೇರಿಸುತ್ತಾರೆ. ಅದು ಅವರ ತಪ್ಪಲ್ಲ. ಕರೆದದ್ದೇ ಹಾಗೆ. ಕೆಲಸವಾದರೆ ಹರಕೆ ತೀರಿತೆಂದು ಹೋಗುತ್ತಾರೆ, ಆಗದಿದ್ದರೆ ಈ ದೇವರು ಕೇಳಲಿಲ್ಲವೆಂದು ಹೋಗುತ್ತಾರೆ.

ರೋಗಿಗಳಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ. ಯಾಕೋಬ 5:14ರಲ್ಲಿ ಅದು ಸಭೆಯ ಹಿರಿಯರ ಕರ್ತವ್ಯ. ಆದರೆ ಅಲ್ಲಿ ರೋಗಿ ಹಿರಿಯರನ್ನು ಕರೆಸುತ್ತಾನೆ, ವೇದಿಕೆಯೂ ಇಲ್ಲ, ಮೈಕೂ ಇಲ್ಲ. ಇವಿಷ್ಟನ್ನು ಪಾಲಿಸಿ: ಪ್ರಾರ್ಥನೆಯನ್ನು ಆರಾಧನೆ ಮುಗಿದ ಮೇಲೆ ಪಕ್ಕದಲ್ಲಿ, ಇಬ್ಬರು ಹಿರಿಯರು ಸೇರಿ ಮಾಡಿ. ಹೆಂಗಸರಿಗಾಗಿ ಪ್ರಾರ್ಥಿಸುವಾಗ ಒಬ್ಬ ಹೆಂಗಸು ಇರಲೇಬೇಕು. ಮೊಬೈಲ್‌ನಲ್ಲಿ ಚಿತ್ರೀಕರಿಸಬೇಡಿ. ಗುಣವಾಯಿತೆಂಬ ಸಾಕ್ಷಿಯನ್ನು ಅದೇ ದಿನ ವೇದಿಕೆಗೆ ಏರಿಸಬೇಡಿ. ಔಷಧಿ ಬಿಡಿ ಎಂದು ಯಾರೂ, ಯಾವ ಕಾರಣಕ್ಕೂ ಹೇಳಬಾರದು. ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ ಬೇಕು. ಎರಡು ತಿಂಗಳಿಗೆ ಮೈ ಹಗುರಾಯಿತೆಂದು ಮಾತ್ರೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಎದ್ದು ಬರಬಹುದು, ಮನೆಯವರಿಗೂ ಹಬ್ಬಬಹುದು. ಮೂರ್ಛೆರೋಗದ ಮಾತ್ರೆ, ಇನ್ಸುಲಿನ್ ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. "ಪ್ರಾರ್ಥಿಸುತ್ತೇವೆ, ಡಾಕ್ಟರು ಹೇಳುವವರೆಗೆ ಮಾತ್ರೆ ತಪ್ಪಿಸಬೇಡಿ" ಎಂಬ ಮಾತು ಪ್ರತಿ ಪ್ರಾರ್ಥನೆಯ ಕೊನೆಗೆ ಬಾಯಿಬಿಟ್ಟು ಬರಬೇಕು.

ಆದಿಸಭೆ ಹೊಸಬರನ್ನು ಹೇಗೆ ನಡೆಸಿಕೊಂಡಿತು?

ಇಂದಿನ ನಮಗೆ ಕಟ್ಟುನಿಟ್ಟು ಎನಿಸುವಂತೆ. ಸುಮಾರು 155ರಲ್ಲಿ ಹುತಾತ್ಮ ಜಸ್ಟಿನ್ ರೋಮ್ ಚಕ್ರವರ್ತಿಗೆ ಬರೆದ ಅರಿಕೆಯಲ್ಲಿ ಭಾನುವಾರದ ಕ್ರಮವಿದೆ: ಅಪೊಸ್ತಲರ, ಪ್ರವಾದಿಗಳ ಬರಹಗಳ ಓದು, ಪ್ರಸಂಗ, ಎದ್ದು ನಿಂತು ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸ, ಬಡವರಿಗಾಗಿ ಕಾಣಿಕೆ. ಭೋಜನ ನಂಬಿ ದೀಕ್ಷಾಸ್ನಾನ ಹೊಂದಿ ಅದರಂತೆ ಬಾಳುವವರಿಗೆ ಮಾತ್ರ. ಮುಂದಿನ ಶತಮಾನಗಳಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದವರು ಓದು, ಪ್ರಸಂಗ ಕೇಳಿ, ಭೋಜನಕ್ಕೆ ಮೊದಲು ಎದ್ದು ಹೋಗುತ್ತಿದ್ದರು. ಕಲಿಕೆ ಕೆಲವೆಡೆ ಮೂರು ವರ್ಷ ನಡೆಯುತ್ತಿತ್ತು. ಹಿಂಸೆಯ ನಡುವೆಯೂ ಸಭೆ ಬೆಳೆದದ್ದು ಹೀಗೆ.

ಹೊಸಬರಿಗೆ ನಮ್ಮ ಯಾವ ಮಾತುಗಳು ಅರ್ಥವಾಗುವುದಿಲ್ಲ?

ಅರ್ಥವಾಗದ ಮಾತಿಗಿಂತ ಬೇರೆ ಅರ್ಥ ಕೊಡುವ ಮಾತು ಹೆಚ್ಚು ತೊಂದರೆಯದು. ಯಾಕೆಂದರೆ ಕೇಳಿದವರು ತಿಳಿಯಿತೆಂದು ತಲೆಯಾಡಿಸುತ್ತಾರೆ.

"ಮತ್ತೆ ಹುಟ್ಟಬೇಕು" ಎಂದರೆ ಪುನರ್ಜನ್ಮ ಎಂದು ಕೇಳಿಸುತ್ತದೆ. "ಈ ಬದುಕಿನಲ್ಲೇ ದೇವರಿಂದ ಹೊಸ ಜೀವ" ಎಂದು ಒಂದು ಮಾತು ಸೇರಿಸಿ. "ದೇವರು ಮನುಷ್ಯನಾದನು" ಎಂದಾಗ ಹತ್ತು ಅವತಾರಗಳ ಸಾಲು ಕಣ್ಣಿಗೆ ಬರುತ್ತದೆ. ಒಮ್ಮೆ ಮಾತ್ರ, ಎಂದೆಂದಿಗೂ ಎಂಬುದನ್ನು ಬಿಡಬೇಡಿ. "ಸಾಕ್ಷಿ" ಎಂದರೆ ಕೋರ್ಟು. "ರಕ್ಷಣೆ" ಎಂದರೆ ಅಪಘಾತದಿಂದ, ಕೇಡಿನಿಂದ ಕಾಪಾಡುವುದು. ಪಾಪದಿಂದ ಬಿಡುಗಡೆ ಎಂದು ಬಿಡಿಸಿ ಹೇಳದಿದ್ದರೆ ಅದು ತಾಯಿತದ ಅರ್ಥಕ್ಕೇ ನಿಲ್ಲುತ್ತದೆ. "ಪವಿತ್ರಾತ್ಮ" ಎಂದರೆ ಸತ್ತ ಪುಣ್ಯವಂತರ ಆತ್ಮ ಎಂದುಕೊಳ್ಳುವವರಿದ್ದಾರೆ. "ಪಾಪ" ಎಂದರೆ ಹಿಂದಿನ ಜನ್ಮದ ಕರ್ಮ, ಅಥವಾ "ಅಯ್ಯೋ ಪಾಪ".

"ದೇವರ ಕುರಿಮರಿ" ಮಾತ್ರ ಇಲ್ಲಿ ಅಮೆರಿಕಕ್ಕಿಂತ ಬೇಗ ನಾಟುತ್ತದೆ. ಮಾರಿಹಬ್ಬ ಕಂಡ ಊರಿನವರಿಗೆ ಬಲಿ ಎಂದರೇನು, ರಕ್ತ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಹೇಳಬೇಕಾದ್ದು ಒಂದೇ: ಇಲ್ಲಿ ಕುರಿ ಕೊಟ್ಟವನು ಮನುಷ್ಯನಲ್ಲ, ದೇವರೇ. ಹೊಸಬರಿಗೆ ಭಯವಾಗುತ್ತದೆಂದು ರಕ್ತ, ಶಿಲುಬೆಯ ಹಾಡುಗಳನ್ನು ತೆಗೆಯುವ ಸಭೆಗಳು ಈ ಸೀಮೆಯವರು ಅತಿ ಸುಲಭವಾಗಿ ಹಿಡಿಯಬಲ್ಲ ಎಳೆಯನ್ನೇ ಕತ್ತರಿಸುತ್ತಿವೆ.

ಈ ಮಾತುಗಳನ್ನು ಬಿಡಬೇಡಿ, ಬದಲಿಸಬೇಡಿ. ಭಾನುವಾರಕ್ಕೆ ಒಂದೇ ಮಾತನ್ನು ಆರಿಸಿ, ಅದು ಬರುವ ಜಾಗದಲ್ಲಿ 20-30 ಸೆಕೆಂಡು ವಿವರಿಸಿ ಮುಂದೆ ಹೋಗಿ. ಪ್ರತಿ ಹೆಜ್ಜೆಗೂ ವಿವರಣೆ ಕೊಟ್ಟರೆ ಆರಾಧನೆ ಪಾಠವಾಗುತ್ತದೆ, ಮನಸ್ಸು ದೇವರ ಕಡೆ ನಿಲ್ಲುವುದಿಲ್ಲ. ಸತ್ಯವೇದವನ್ನು ಓದುವವರು ಹಿಂದಿನ ರಾತ್ರಿಯೇ ಗಟ್ಟಿಯಾಗಿ ಎರಡು ಸಲ ಓದಿಕೊಂಡು ಬರಲಿ. ತೊದಲುತ್ತಾ, ಒತ್ತಕ್ಷರ ನುಂಗಿ ಓದಿದರೆ ಸುಲಿದ ಬಾಳೆಹಣ್ಣಿನಂಥ ಭಾಗವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಹೊಸಬರು ಕರ್ತನ ಭೋಜನಕ್ಕೆ ಕೈ ಚಾಚಿದರೆ ಏನು ಮಾಡಬೇಕು?

ಇದು ನಮ್ಮ ಕಡೆ ತಪ್ಪದೆ ಬರುವ ಪ್ರಶ್ನೆ. ದೇವರ ಮುಂದಿನಿಂದ ಕೊಡುವುದೆಲ್ಲ ಪ್ರಸಾದ, ಅದನ್ನು ಬೇಡವೆನ್ನಬಾರದು ಎಂದು ಬೆಳೆದವರು ರೊಟ್ಟಿಗೆ ಬಲಗೈ ಚಾಚುತ್ತಾರೆ, ಬಟ್ಟಲನ್ನು ತೀರ್ಥವೆಂದುಕೊಳ್ಳುತ್ತಾರೆ. ಅದು ಗೌರವದ ನಡೆ. ಸಾಲಿನಲ್ಲಿ ನಿಂತವರನ್ನು ಅಲ್ಲೇ ತಡೆದರೆ ಎಲ್ಲರೆದುರು ಅವಮಾನವಾಗುತ್ತದೆ. ಅವಮಾನವಾಗದಿರಲಿ ಎಂದು ಎಲ್ಲರಿಗೂ ಕೊಟ್ಟುಬಿಟ್ಟರೆ ಅಯೋಗ್ಯವಾಗಿ ತಿಂದು ಕುಡಿದವರು ತೀರ್ಪಿಗೆ ಗುರಿಯಾಗುತ್ತಾರೆ ಎಂಬ 1 ಕೊರಿಂಥ 11:27-29ರ ಎಚ್ಚರಿಕೆಯನ್ನು ಅತಿಥಿಯ ತಲೆಯ ಮೇಲೆ ಹೊರಿಸಿದಂತೆ.

ಆದ್ದರಿಂದ ಮಾತು ಮೊದಲೇ ಬರಬೇಕು, ಸಾಲು ಏಳುವ ಮುಂಚೆ. ಹೀಗೆ ಹೇಳಬಹುದು: "ಇದು ಪ್ರಸಾದವಲ್ಲ, ಯೇಸುವಿಗೆ ತಮ್ಮನ್ನು ಒಪ್ಪಿಸಿಕೊಂಡು ದೀಕ್ಷಾಸ್ನಾನ ಹೊಂದಿದವರು ಯೇಸುವಿನ ಮರಣವನ್ನು ಸಾರುವ ಊಟ. ಬೇರೆಯವರು ಮುಂದೆ ಬರುವುದಾದರೆ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು ಬನ್ನಿ, ನಿಮಗಾಗಿ ಪ್ರಾರ್ಥಿಸುತ್ತೇವೆ. ಕುಳಿತೇ ಇದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ." ದೃಢೀಕರಣವೂ (ದೀಕ್ಷಾಸ್ನಾನದ ನಂತರ ನಂಬಿಕೆಯನ್ನು ಸ್ವತಃ ಒಪ್ಪಿಕೊಳ್ಳುವ ವಿಧಿ) ಬೇಕೆಂಬ ಸಭೆಗಳು ಅದನ್ನೂ ಸೇರಿಸಲಿ. ಇಷ್ಟಾಗಿಯೂ ಕೈ ಚಾಚಿದರೆ ಸಭಾಪಾಲಕರು ಆ ಕೈಯನ್ನು ಮೆಲ್ಲಗೆ ಮುಚ್ಚಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಲಿ. ತಿಳಿಯದೆ ತೆಗೆದುಕೊಂಡೇಬಿಟ್ಟರೆ ರಂಪ ಬೇಡ, ಆ ವಾರ ಮನೆಗೆ ಹೋಗಿ ವಿವರಿಸಿದರೆ ಸಾಕು. ಅಂಥ ಭೇಟಿ ಎಷ್ಟೋ ಪ್ರಸಂಗಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಉಳಿದ ರೊಟ್ಟಿಯನ್ನು ಹೊರಗೆ ಆಡುವ ಮಕ್ಕಳಿಗೆ ಹಂಚುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ, ಪ್ರಸಾದವಲ್ಲ ಎಂದು ಹೇಳಿದ ಮಾತು ಅಲ್ಲೇ ಬಿದ್ದುಹೋಗುತ್ತದೆ. ಎಲ್ಲರಿಗೂ ಊಟ ಬೇಕೆಂದರೆ ಆರಾಧನೆಯ ನಂತರ ಉಪ್ಪಿಟ್ಟು, ಕಾಫಿ ಇಡಿ. ಅಲ್ಲಿ ಯಾರಿಗೂ ತಡೆಯಿಲ್ಲ.

ಆರಾಧನೆಯಲ್ಲಿ ಒಬ್ಬರಿಗೊಬ್ಬರು "ಸಮಾಧಾನ" ಎಂದು ವಂದಿಸುವಾಗ ಕೈ ಹಿಡಿಯಬೇಕೇ? ಚಪ್ಪಲಿ ಎಲ್ಲಿ ಬಿಡಬೇಕು?

ಹೊಸ ಹೆಂಗಸರ ಕೈಯನ್ನು ಗಂಡಸರು ಹಿಡಿಯಬೇಡಿ, ಕೈಮುಗಿದರೆ ಸಾಕು. ಚಪ್ಪಲಿ ಒಳಗೋ ಹೊರಗೋ ಎಂಬುದು ಬಾಗಿಲಲ್ಲೇ ತಿಳಿಯುವಂತಿರಲಿ, ಅಲ್ಲಿ ತಡವರಿಸಿದವರು ಎಷ್ಟೋ ಸಲ ಹಾಗೇ ತಿರುಗಿ ಹೋಗುತ್ತಾರೆ.

ಹಾಡು, ವಾದ್ಯ, ಸದ್ದು ಎಷ್ಟಿರಬೇಕು?

ಗಿಟಾರೋ ಹಾರ್ಮೋನಿಯಮ್ಮೋ ಎಂಬ ಜಗಳದಲ್ಲಿ ನಿಜವಾದ ಪ್ರಶ್ನೆ ಮರೆಯಾಗುತ್ತದೆ. ಸಭೆ ಹಾಡುತ್ತಿದೆಯೋ, ಕೇಳುತ್ತಿದೆಯೋ? ವೇದಿಕೆಯ ಸದ್ದು ಏರಿದಷ್ಟೂ ಜನ ಬಾಯಿ ಮುಚ್ಚುತ್ತಾರೆ, ತಮ್ಮ ದನಿ ತಮಗೇ ಕೇಳದಿದ್ದಾಗ ಹಾಡುವ ಧೈರ್ಯ ಹೋಗುತ್ತದೆ. ಪರೀಕ್ಷೆ ಸುಲಭ: ನಡುವಿನ ಸಾಲಿನಲ್ಲಿ ನಿಂತರೆ ಪಕ್ಕದವರ ದನಿ ಕೇಳಬೇಕು.

ಶ್ರುತಿ ಇನ್ನೊಂದು ಅಡ್ಡಿ. ಯೂಟ್ಯೂಬ್‌ನ ಹಾಡುಗಳನ್ನು ತರಬೇತಾದ ಗಾಯಕರು ತಮ್ಮ ಎತ್ತರಕ್ಕೆ ಹಾಡಿರುತ್ತಾರೆ. ಹಾಡಿನ ಅತಿ ಎತ್ತರದ ಸ್ವರ ಮೇಲಿನ ಡಿ ದಾಟದಂತೆ, ಅತಿ ತಗ್ಗಿನದು ಕೆಳಗಿನ ಎ ಗಿಂತ ಇಳಿಯದಂತೆ ಇಟ್ಟುಕೊಳ್ಳಿ. ಬಹಳಷ್ಟು ಹಾಡುಗಳಿಗೆ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯಲ್ಲಿ 3-4 ಮೆಟ್ಟಿಲು ಇಳಿಸಿದರೆ ಸಾಕು. ಭಾನುವಾರಕ್ಕೆ ಒಂದಕ್ಕಿಂತ ಹೆಚ್ಚು ಹೊಸ ಹಾಡು ಬೇಡ, ಕಲಿಸಿದ ಹಾಡನ್ನು ಮುಂದಿನ ಎರಡು ವಾರವೂ ಹಾಡಿ.

ಕಿವಿಯ ಲೆಕ್ಕ: 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿಯಾದರೆ, ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ, 100ಕ್ಕೆ ಸುಮಾರು 15 ನಿಮಿಷ. ಮುಂದಿನ ಸಾಲಿನಲ್ಲಿ ಮಕ್ಕಳೇ ಕೂರುವುದು, ನೆನಪಿರಲಿ. ನೆರೆಯವರ ಲೆಕ್ಕ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಹೊರಗೆ ಮುಖ ಮಾಡಿದ ಹಾರ್ನ್ ಸ್ಪೀಕರ್‌ನಿಂದ ಸುವಾರ್ತೆ ತಲುಪುವುದಿಲ್ಲ, ದೂರು ತಲುಪುತ್ತದೆ.

ಕನ್ನಡ ರಾಗ, ತಾಳ, ಭಜನೆಯ ಧಾಟಿ ತರುವುದೂ ಹೊಸಬರನ್ನು ಮೆಚ್ಚಿಸುವುದೇ ಅಲ್ಲವೇ?

ಅಲ್ಲ. ಕನ್ನಡದವರು ದೇವರನ್ನು ತಮ್ಮ ಧಾಟಿಯಲ್ಲಿ ಹೊಗಳುವುದು ಅವರ ಸ್ವಂತ ಆರಾಧನೆ. ಅದನ್ನು ಹೊರಗಿನವರಿಗೆ ಎಸೆದ ಗಾಳ ಎನ್ನಲಾಗದು. ನಿಘಂಟಿನ ಕಿಟ್ಟೆಲ್ ಕ್ರಿಸ್ತನ ಜೀವನವನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ'ಯಾಗಿ 1862ರಲ್ಲೇ ಬರೆದರು. ಧಾಟಿ ಇಲ್ಲಿಯದು, ಕಥೆಯಲ್ಲಿ ಶಿಲುಬೆ ಇದ್ದೇ ಇದೆ. ಸೋಬಾನೆಯ ಧಾಟಿಗೆ ಕೀರ್ತನೆ ಹೊಂದಿಸಿ, ತಮಟೆ ಬೇಕಾದರೆ ತನ್ನಿ, ಆದರೆ ಸಾಹಿತ್ಯವನ್ನು ಕಾಗದದಲ್ಲಿ ಬರೆದು ನೋಡಿ. ಯೇಸುವಿನ ಹೆಸರು ತೆಗೆದು ಬೇರಾವ ದೇವರ ಹೆಸರಿಟ್ಟರೂ ಹಾಡು ಹಾಗೇ ನಡೆಯುತ್ತದೆಯೇ? ನಡೆದರೆ ಅದು ಇನ್ನೂ ಕ್ರೈಸ್ತ ಆರಾಧನೆಯ ಹಾಡಾಗಿಲ್ಲ. ಇಂಗ್ಲಿಷಿನಿಂದ ಬಂದ ಎಷ್ಟೋ ಹಾಡುಗಳೂ ಈ ಪರೀಕ್ಷೆಯಲ್ಲಿ ಉಳಿಯುವುದಿಲ್ಲ.

ಪರದೆಯ ಮೇಲೆ ಸಾಹಿತ್ಯ ಹಾಕಬಹುದೇ?

ಹಾಕಿ, ಹೊಸಬರಿಗೆ ಪುಸ್ತಕದಲ್ಲಿ ಹಾಡಿನ ಸಂಖ್ಯೆ ಹುಡುಕುವ ಕಷ್ಟ ತಪ್ಪುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗೀಚುಗೀಚಾಗಿ ಕಾಣುತ್ತದೆ, ಯೂನಿಕೋಡ್‌ಗೆ ಬದಲಿಸಿ. ಒಂದು ಪರದೆಗೆ 4 ಸಾಲು, ಅಕ್ಷರ 40 ಪಾಯಿಂಟಿಗಿಂತ ಕಡಿಮೆ ಬೇಡ, ಹಿಂದೆ ಓಡುವ ಮೋಡ, ಜಲಪಾತಗಳೂ ಬೇಡ.

ಪ್ರಸಂಗದಲ್ಲಿ ಪಾಪ, ನ್ಯಾಯತೀರ್ಪು ಬಿಟ್ಟು ಕುಟುಂಬ, ಪರೀಕ್ಷೆ, ಒತ್ತಡದ ಬಗ್ಗೆ ಹೇಳಿದರೆ?

ಅವುಗಳ ಬಗ್ಗೆಯೂ ಹೇಳಬೇಕು, ಸತ್ಯವೇದ ಹೇಳುತ್ತದೆ. ಆದರೆ ವಿಷಯವನ್ನು ಮೊದಲು ಆರಿಸಿ ಆಮೇಲೆ ವಚನ ಹುಡುಕಿದರೆ ಬೋಧಕನಿಗೆ ಇಷ್ಟವಾದ ಹತ್ತು ವಚನಗಳೇ ವರ್ಷವಿಡೀ ತಿರುಗುತ್ತವೆ. ಒಂದು ಸುವಾರ್ತೆಯನ್ನು ಮೊದಲಿಂದ ಕೊನೆಯವರೆಗೆ ಹಿಡಿಯಿರಿ: ಮಾರ್ಕನಲ್ಲಿ 16 ಅಧ್ಯಾಯ, ವಾರಕ್ಕೆ ಅರ್ಧ ಅಧ್ಯಾಯವಾದರೆ 32 ಭಾನುವಾರ. ಕುಟುಂಬ, ಹಣ, ರೋಗ, ಭಯ ಎಲ್ಲವೂ ದಾರಿಯಲ್ಲಿ ಬರುತ್ತವೆ, ಶಿಲುಬೆ ತಪ್ಪುವುದೇ ಇಲ್ಲ. ಹೊತ್ತು 25-30 ನಿಮಿಷ ಸಾಕು. ಪಾಪನಿವೇದನೆಯನ್ನು ಪಾಪಕ್ಷಮೆಯ ಘೋಷಣೆಯಿಂದ ಬೇರ್ಪಡಿಸಬೇಡಿ. ಹೊಸಬರಿಗೆ ನೋವಾಗುತ್ತದೆಂದು ಮೊದಲನೆಯದನ್ನು ಕೈಬಿಟ್ಟರೆ, ಅವರು ಎರಡನೆಯದನ್ನು ಕೇಳುವ ಅವಕಾಶವೂ ಹೋಗುತ್ತದೆ.

ಬಂದವರಿಗೆ ಉಡುಗೊರೆ, ರೇಷನ್ ಕಿಟ್ ಕೊಡಬಹುದೇ?

ಆರಾಧನೆಗೆ ಬಂದದ್ದಕ್ಕಾಗಿ ಎಂದಿಗೂ ಬೇಡ. ಕರ್ನಾಟಕದ 2022ರ ಮತಾಂತರ ಕಾಯ್ದೆ ಹಣ, ಉಡುಗೊರೆ, ಕೆಲಸ, ಉಚಿತ ಶಿಕ್ಷಣಗಳನ್ನು ಆಮಿಷವೆಂದು ಎಣಿಸಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಇರಲಿ, ಬಿಡಲಿ, ಯೋಹಾನ 6:26ರಲ್ಲಿ ಯೇಸುವೇ ರೊಟ್ಟಿ ತಿಂದು ತೃಪ್ತರಾದದ್ದಕ್ಕೆ ತನ್ನನ್ನು ಹುಡುಕುವವರನ್ನು ಎಚ್ಚರಿಸುತ್ತಾನೆ. ಬಡವರಿಗೆ ಕೊಡಬೇಕು, ಧಾರಾಳವಾಗಿ ಕೊಡಬೇಕು. ವಾರದ ದಿನ, ಚರ್ಚಿನ ಆವರಣದ ಹೊರಗೆ, ಬಂದವರು ಬಾರದವರು ಎಂದು ನೋಡದೆ, ಫೋಟೋ ತೆಗೆಯದೆ. ಕಾಣಿಕೆ ಚೀಲ ಬಂದಾಗ ಹೊಸಬರು ಹಾಕಬೇಕಿಲ್ಲ ಎಂದೂ ಒಂದು ಮಾತು ಹೇಳಿ.

ಹಾಗಾದರೆ ಸುವಾರ್ತೆ ಸಾರುವುದು ಯಾವಾಗ?

ಸೋಮವಾರದಿಂದ ಶನಿವಾರದವರೆಗೆ. ಪೌಲ ಅಥೇನೆಯಲ್ಲಿ ಪೇಟೆಯ ಬೀದಿಯಲ್ಲಿ ದಿನವೂ ಮಾತಾಡಿದ. ಆಲೆಮನೆಯಲ್ಲಿ, ಕಾಲೇಜಿನ ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ವಿಶ್ವಾಸಿಗಳು ಬಾಯಿ ಬಿಡದೆ ಆ ಹೊರೆಯನ್ನೆಲ್ಲ ಭಾನುವಾರದ ವೇದಿಕೆಗೆ ಹೊರಿಸಿದಾಗಲೇ ಆರಾಧನೆ ಪ್ರದರ್ಶನವಾಗತೊಡಗುವುದು. ಕೇಳಲು ಮನಸ್ಸಿರುವವರಿಗೆ ಯಾರಾದರೊಬ್ಬರ ಮನೆಯಲ್ಲಿ 8-10 ಜನರ ಕೂಟ ನಡೆಸಿ, ಆರೆಂಟು ವಾರ ಮಾರ್ಕನ ಸುವಾರ್ತೆ ಓದಿ, ಪ್ರಶ್ನೆಗೆ ಬಿಡುವು ಕೊಡಿ. ಕ್ರಿಸ್‌ಮಸ್ ಸಂಜೆಯ ಹಾಡಿನ ಕಾರ್ಯಕ್ರಮಕ್ಕೆ ಇಡೀ ಬೀದಿಯನ್ನು ಕರೆಯಿರಿ, ಅಲ್ಲಿ ನಾಟಕವೂ ಇರಲಿ. ಅದನ್ನು ಆರಾಧನೆ ಎಂದು ಕರೆಯದಿದ್ದರೆ ಸಾಕು.

ನಾವು ಈಗಾಗಲೇ ಬಹಳ ಬದಲಿಸಿಬಿಟ್ಟಿದ್ದೇವೆ. ಹಿಂದಿರುಗುವುದು ಹೇಗೆ?

ಒಂದೇ ಭಾನುವಾರ ಎಲ್ಲ ತಿರುಗಿಸಬೇಡಿ, ಸಭೆ ಒಡೆಯುತ್ತದೆ. ಮೊದಲ ತಿಂಗಳು ಏನನ್ನೂ ತೆಗೆಯದೆ ಎರಡು ಓದುಗಳನ್ನು ಸೇರಿಸಿ, ಹಳೆಯ ಒಡಂಬಡಿಕೆಯಿಂದ ಒಂದು, ಹೊಸದರಿಂದ ಒಂದು. ಎರಡಕ್ಕೂ ಸೇರಿ 6-7 ನಿಮಿಷ. ಎರಡನೆಯ ತಿಂಗಳು ಪಾಪನಿವೇದನೆ, ವಿಶ್ವಾಸಪ್ರಮಾಣ. ಮೂರನೆಯ ತಿಂಗಳು ಸದ್ದು ಇಳಿಸಿ, ಒಂದು ಹಾಡನ್ನಾದರೂ ವಾದ್ಯವಿಲ್ಲದೆ ಹಾಡಿಸಿ. ವೇದಿಕೆಯ ಲೈಟು ಆರಿಸಿ ಸಭೆಯ ಮೇಲಿನ ಲೈಟು ಹಾಕಿ, ಜನ ಒಬ್ಬರಿಗೊಬ್ಬರು ಕಾಣಲಿ. ಕೆಲವರು ಬಿಟ್ಟು ಹೋಗುತ್ತಾರೆ. ಯೋಹಾನ 6:66ರಲ್ಲಿ ಅನೇಕ ಶಿಷ್ಯರು ಹಿಂದೆ ಸರಿದಾಗ ಯೇಸು ಮಾತನ್ನು ಸಡಿಲಿಸಲಿಲ್ಲ, ಹನ್ನೆರಡು ಮಂದಿಯನ್ನು ನೀವೂ ಹೋಗುತ್ತೀರಾ ಎಂದು ಕೇಳಿದ.

ಹೆಚ್ಚು ನೋಯುವವರು ವಾದ್ಯ ನುಡಿಸುವ ಹುಡುಗ ಹುಡುಗಿಯರು. ವಾರವಿಡೀ ಅಭ್ಯಾಸ ಮಾಡಿದವರು ಅವರು, ತಪ್ಪು ಅವರದಲ್ಲ, ಕೇಳಿಕೊಂಡದ್ದು ಹಿರಿಯರು. ಬದಲಾವಣೆ ಪ್ರಕಟಿಸುವ ಮುಂಚೆ ಅವರನ್ನು ಮನೆಗೆ ಕರೆದು ಊಟ ಹಾಕಿ, ಕಾರಣ ವಿವರಿಸಿ, ಅವರ ಮಾತನ್ನೂ ಪೂರ್ತಿ ಕೇಳಿ. ಕೈಗೆ ಹೊಸ ಕೆಲಸ ಕೊಡಿ: 130ನೆಯ ಕೀರ್ತನೆಗೆ ಸಭೆಯ ಅಜ್ಜಿಯೂ ಹಾಡಬಹುದಾದ ಒಂದು ಧಾಟಿ ಕಟ್ಟಲಿ. ಎಂಟೇ ವಚನ, ಅಗಾಧದೊಳಗಿಂದ ಕೂಗುವುದರಲ್ಲಿ ಶುರುವಾಗುತ್ತದೆ. ಎರಡು ತಿಂಗಳು ಬಿಡುವು ಕೊಡಿ.